ಹಲ್ಲಕ್ಕ ಒಡೆದ ಎಣಿಕೆ

ಹಲ್ಲಕ್ಕನ ಮುತ್ತಜ್ಜನನ್ನು ಜನ ಸುತ್ತಿಗೆಯಜ್ಜ ಎಂದು ಕರೆಯುತ್ತಿದ್ದರು. ಗಾಡಿಯ ಬಾಗಿದ ಅಚ್ಚನ್ನು ಮೊಣಕಾಲಿನ ಮೇಲಿಟ್ಟು ನೆಟ್ಟಗೆ ಮಾಡಿದವನು. ಒಮ್ಮೆ ಕುಲುಮೆಗೆ ನುಗ್ಗಿದ ಮೂವರು ಕಳ್ಳರನ್ನು ಕಾದ ಕಬ್ಬಿಣ ಹಿಡಿದು ಅಟ್ಟಿಸಿಕೊಂಡು ಹೋಗಿ, ಮೂವರ ಬೆನ್ನಿಗೂ ಒಂದೊಂದು ಬರೆ ಎಳೆದು, ವಾಪಸು ಬಂದು, ಆ ಕಬ್ಬಿಣ ಆರುವ ಮೊದಲೇ ಅದನ್ನು ಬಾಗಿಲ ಕೀಲು ಮಾಡಿ ಮುಗಿಸಿದನಂತೆ. ಬೆಂಕಿಯೂ ದಂಡವಾಗಬಾರದು, ಸಿಟ್ಟೂ ದಂಡವಾಗಬಾರದು ಎನ್ನುವ ಜಾತಿಯ ಮನುಷ್ಯ.

ಅವನ ಮಗ ಚಕ್ರದಜ್ಜ. ಯಂತ್ರಗಳಿಗೆ ಹಲ್ಲಿನ ಚಕ್ರ ಕಡಿಯುವುದು ಅವನ ಕಸುಬು. ಅರವತ್ತು ಹಲ್ಲಿನ ಚಕ್ರವೇ ಬೇಕು ಎಂದು ಹಟ ಹಿಡಿದ ಒಬ್ಬ ಗಿರಾಕಿಯ ದವಡೆಗೆ ಬಾರಿಸಿ ಒಂದು ಹಲ್ಲು ಉದುರಿಸಿದ. "ಮೂವತ್ತೆರಡು ಇತ್ತು, ಈಗ ಮೂವತ್ತೊಂದು. ನೋಡು, ನಿನ್ನ ಬಾಯೂ ಸರಿ ಹೋಯ್ತು" ಎಂದು ಅರವತ್ತೊಂದು ಹಲ್ಲಿನ ಚಕ್ರವನ್ನೇ ಅವನ ಕೈಗಿಟ್ಟು ಕಳಿಸಿದ.

ಚಕ್ರದಜ್ಜನ ಮಗ, ಹಲ್ಲಕ್ಕನ ಅಪ್ಪ, ತಣ್ಣಗಿನ ಮನುಷ್ಯ. ಆ ವಂಶದಲ್ಲಿ ಯಾರ ಮೇಲೂ ಕೈ ಎತ್ತದೆ ಬದುಕಿದವನು ಅವನೊಬ್ಬನೇ. ಎರಡೂ ಕೈ ಕಳೆದುಕೊಂಡು ಸತ್ತವನೂ ಅವನೊಬ್ಬನೇ.

ಚಕ್ರದಜ್ಜ ಅರವತ್ತನ್ನು ಯಾಕೆ ಹಾಗೆ ಹೇಸುತ್ತಿದ್ದ ಎಂಬುದನ್ನು ಹೇಳಿಬಿಡಬೇಕು, ಈ ಕತೆಯೆಲ್ಲ ಅದರ ಮೇಲೆ ನಿಂತಿದೆ. ಅರವತ್ತು ಹಲ್ಲಿನ ಚಕ್ರಕ್ಕೆ ಮೂವತ್ತು ಹಲ್ಲಿನದನ್ನು ಜೋಡಿಸಿದರೆ, ದೊಡ್ಡದರ ಒಂದು ಹಲ್ಲು ಸದಾ ಚಿಕ್ಕದರ ಒಂದೇ ಸಂದಿಗೆ ಹೋಗಿ ಕೂರುತ್ತದೆ. ಗಂಡ ಹೆಂಡಿರ ಜಗಳವಿದ್ದ ಹಾಗೆ, ದಿನಾ ಅದೇ ಮಾತು, ಅದೇ ಜಾಗ, ಅಲ್ಲೇ ಸವೆತ. ಅರವತ್ತೊಂದಕ್ಕೆ ನಲವತ್ತೇಳನ್ನು ಜೋಡಿಸಿ ನೋಡಿ. ಪ್ರತಿ ಹಲ್ಲೂ ಎದುರಿನ ಎಲ್ಲ ಸಂದಿಗಳನ್ನೂ ಹೊಕ್ಕು ಬಂದ ಮೇಲೆಯೇ ಮೊದಲಿನದಕ್ಕೆ ಬರುತ್ತದೆ. ಊರಿಗೆಲ್ಲ ಸಮನಾಗಿ ಜಗಳ ಹಂಚಿದ ಹಾಗೆ. ಚಕ್ರ ಮೂರು ತಲೆಮಾರು ಬಾಳುತ್ತದೆ. ಒಂದನ್ನೂ ತನ್ನನ್ನೂ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಇಂಥ ಎಣಿಕೆಗಳಿಗೆ ಶಾಲೆ ಕಂಡವರು ಅವಿಭಾಜ್ಯ ಎನ್ನುತ್ತಾರೆ. ಚಕ್ರದಜ್ಜನ ಮನೆಯಲ್ಲಿ ಅವು ಒಡೆಯದ ಎಣಿಕೆಗಳು. ಶಾಲೆಯ ಮಾತಿಗಿಂತ ಈ ಮಾತಿಗೇ ತೂಕ ಹೆಚ್ಚು.

ಆದರೆ ಒಡೆಯದ ಎಣಿಕೆಯ ಚಕ್ರ ಕಡಿಯುವುದು ಸುಲಭವಲ್ಲ. ಅರವತ್ತಾದರೆ ಸುತ್ತನ್ನು ಅರ್ಧ ಮಾಡಬಹುದು, ಅರ್ಧದಲ್ಲಿ ಅರ್ಧ ಮಾಡಬಹುದು, ಮೂರು ಪಾಲು, ಐದು ಪಾಲು ಮಾಡಿ ಪ್ರತಿ ಹೆಜ್ಜೆಯಲ್ಲೂ ಅಳತೆ ತಾಳೆ ನೋಡಬಹುದು. ಅರವತ್ತೊಂದಕ್ಕೆ ಅರ್ಧವೂ ಇಲ್ಲ, ಕಾಲೂ ಇಲ್ಲ. ಕೈವಾರವನ್ನು ಅಂದಾಜಿಗೆ ಅಗಲಿಸಿ ಅರವತ್ತೊಂದು ಹೆಜ್ಜೆ ನಡೆಸಬೇಕು. ಎಷ್ಟೇ ಗಟ್ಟಿಗನಾದರೂ ದಾರಿಯಲ್ಲಿ ಕೂದಲೆಳೆಯಷ್ಟು ತಪ್ಪುತ್ತಾನೆ, ತಪ್ಪಿದ್ದೆಲ್ಲ ಕೊನೆಯ ಹಲ್ಲಿನ ತಲೆಗೆ ಬರುತ್ತದೆ. ಅಜ್ಜನ ಚಕ್ರಗಳಲ್ಲೆಲ್ಲ ಒಂದು ಹಲ್ಲು ತೆಳ್ಳಗಿರುತ್ತಿತ್ತು. ಮೊಮ್ಮಗಳು ಅದನ್ನು ಬೆರಳಿನಿಂದ ಮುಟ್ಟಿ ಕೇಳಿದರೆ, "ಕೊನೇ ಮಗು ಸಣ್ಣಗೇ ಇರೋದು. ಅದಕ್ಕೇನೂ ಆಗಲ್ಲ" ಎನ್ನುತ್ತಿದ್ದ. ಅವಳು ನಂಬಿದಳು.

ತಗಡಿನ ಕಾರ್ಖಾನೆಯ ದೊಡ್ಡ ಕತ್ತರಿಗೆ ಚಕ್ರಗಳನ್ನು ಮಾಡಿಕೊಟ್ಟವನು ಈ ಅಜ್ಜನೇ. ಬಕೆಟ್ಟು ಮಾಡುವ ಕಾರ್ಖಾನೆ ಅದು. ಉದ್ದನೆಯ ಕೊಟ್ಟಿಗೆ, ತಗಡಿನ ಮಾಡು, ಒಳಗೆ ಮಾತಾಡಬೇಕಾದರೆ ಕಿವಿಗೆ ಬಾಯಿಡಬೇಕು. ದೊಡ್ಡ ಕತ್ತರಿ ಎಂದರೆ ಒಂದಾಳು ಉದ್ದದ ಅಲಗು. ಕಾಲಿನಿಂದ ಮೆಟ್ಟನ್ನು ಒತ್ತಿದರೆ ಅಲಗು ಧಡ್ ಎಂದು ಬಿದ್ದು, ತಗಡು ಕತ್ತರಿಸಿ, ಮೇಲೆದ್ದು, ಒಂದು ಕೊಂಡಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಆಗ ಆಳು ಎರಡೂ ಕೈ ಒಳಗೆ ಹಾಕಿ ತುಂಡನ್ನು ಎಳೆದುಕೊಳ್ಳಬೇಕು. ಆ ಕೊಂಡಿಯನ್ನು ಹಿಡಿದಿರುವುದು ಪಕ್ಕದ ಪೆಟ್ಟಿಗೆಯೊಳಗಿನ ಚಕ್ರಗಳು. ಒಂದು ಏಟಿಗೆ ಎಲ್ಲ ಚಕ್ರಗಳೂ ಒಂದೊಂದು ಹಲ್ಲು ಮುಂದೆ ಸರಿಯುತ್ತವೆ, ಪೆಟ್ಟಿಗೆಯ ಮೇಲಿನ ಎಣಿಕೆಯ ಕಿಂಡಿಯಲ್ಲಿ ಅಂಕಿ ಒಂದು ಏರುತ್ತದೆ. ಮೆಟ್ಟು ಒತ್ತಿದರೆ ಮಾತ್ರ ಏರುತ್ತದೆ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟಳೆ ಇತ್ತು. ಯಾವ ಯಂತ್ರದ ಮೇಲೆ ಆಳಿನ ರಕ್ತ ಬೀಳುತ್ತದೋ ಆ ಯಂತ್ರದ ಮೈಮೇಲೆ ಆ ಗಳಿಗೆಯ ಎಣಿಕೆಯನ್ನು ಉಳಿ ಹಿಡಿದು ಕೆತ್ತಬೇಕು. ಯಂತ್ರ ಮತ್ತೆ ಓಡಿದರೆ ಅಂಕಿ ಸರಿದುಹೋಗುತ್ತದೆ, ನಾಳೆ ತಕರಾರು ಬಂದರೆ ಸಾಕ್ಷಿ ಬೇಕು ಎಂದು ಮಾಲೀಕರು ಹಾಕಿದ ಕಟ್ಟಳೆ. ಮೊದಲು ಅಂಕಿ, ಆಮೇಲೆ ಗಾಯ.

ದೊಡ್ಡ ಕತ್ತರಿ ಬಂದ ನಾಲ್ಕನೆಯ ವರ್ಷ ಒಬ್ಬ ಉದ್ದನೆಯ ಆಳಿನ ನಾಲ್ಕು ಬೆರಳು ಅದರಲ್ಲಿ ಹೋದವು. ಅಲಗು ತಾನಾಗಿ ಬಿತ್ತು ಎಂದು ಅವನು ಬಾಯಿ ಬಡಿದುಕೊಂಡ. ಕುಡಿದಿದ್ದ ಎಂದರು. ಚಕ್ರದಜ್ಜ ಬಂದು ಪೆಟ್ಟಿಗೆ ಬಿಚ್ಚಿ, ನೂರು ಸಲ ಮೆಟ್ಟು ಒತ್ತಿ ನೋಡಿದ. ಒಂದು ಸಲವೂ ಕೊಂಡಿ ಜಾರಲಿಲ್ಲ. "ನನ್ನ ಚಕ್ರ ತಪ್ಪು ಮಾಡಲ್ಲ. ಇನ್ನು ಯಾವನೂ ಇದಕ್ಕೆ ಕೈ ಹಾಕಬೇಡಿ" ಎಂದು ಪೆಟ್ಟಿಗೆಯ ಸುತ್ತ ಸೀಸ ಕಾಯಿಸಿ ಹೊಯ್ದು ಮುಚ್ಚಿಬಿಟ್ಟ. ಎಣ್ಣೆ ಬಿಡಲು ಮೇಲೊಂದು ತೂತು ಉಳಿಯಿತು, ಅಷ್ಟೇ. ಎರಡು ವರ್ಷದ ಮೇಲೆ ಅವನು ಸತ್ತ.

ಆ ಬೆರಳುಗಳು ಹೋಗಿ ಹತ್ತು ವರ್ಷ ಕಳೆದ ಮೇಲೆ ಹಲ್ಲಕ್ಕನ ಅಪ್ಪ ಅದೇ ಅಲಗಿನ ಮುಂದೆ ನಿಂತಿದ್ದ. ಮೆಟ್ಟಿನ ಮೇಲಿಂದ ಕಾಲು ತೆಗೆದು, ತುಂಡು ಎಳೆಯಲು ಕೈ ಹಾಕಿದ. ಅಲಗು ಬಿತ್ತು. ಎರಡೂ ಕೈ ಮಣಿಕಟ್ಟಿನ ಮೇಲೆ ತುಂಡಾದವು. ಆಗ ಹತ್ತೊಂಬತ್ತು ವರ್ಷದ ಹಲ್ಲಕ್ಕ ಅರ ಹಿಡಿಯುವ ಮೇಜಿನಲ್ಲಿ ಕೂತಿದ್ದವಳು ಓಡಿ ಬಂದಳು. ಕಾರ್ಖಾನೆಯ ಮೇಸ್ತ್ರಿ ಆಗಲೇ ಮೊಣಕಾಲೂರಿ ಕೂತಿದ್ದ, ಅಪ್ಪನ ಹತ್ತಿರವಲ್ಲ, ಯಂತ್ರದ ಹತ್ತಿರ. ಉಳಿ ಇಟ್ಟು ಅಂಕಿ ಕೆತ್ತುತ್ತಿದ್ದ. ಎಂಟು ಅಂಕಿ. ಅವನ ಹೆಗಲ ಮೇಲೆ ಒಳ್ಳೆಯ ಗಟ್ಟಿ ಬಟ್ಟೆ ನೇತಾಡುತ್ತಿತ್ತು. ಹಲ್ಲಕ್ಕ ತನ್ನ ಸೆರಗು ಹರಿದು ಒಂದು ಕೈಗೆ ಕಟ್ಟುವಷ್ಟರಲ್ಲಿ ಇನ್ನೊಂದರಿಂದ ಹೋಗಬೇಕಾದ್ದೆಲ್ಲ ಹೋಗಿತ್ತು. ಎಂಟನೆಯ ಅಂಕಿ ಮುಗಿದಾಗ ಅಪ್ಪನೂ ಮುಗಿದಿದ್ದ.

ಸತ್ತವನ ತಲೆಯ ಮೇಲೆ ಗೂಬೆ ಕೂರಿಸುವುದು ಸುಲಭ, ಅವನು ಒದರಿ ಕೆಡವಲಾರ. ನಿಂತಲ್ಲೇ ತೂಕಡಿಸಿದ, ಕಾಲು ಮೆಟ್ಟಿನ ಮೇಲೇ ಇತ್ತು ಎಂದರು. ತಣ್ಣಗಿದ್ದ ಮನುಷ್ಯನಿಗೆ ಸತ್ತ ಮೇಲೆ ನಿದ್ದೆಗಣ್ಣ ಎಂದು ಹೆಸರಾಯಿತು. ಆ ಹೆಸರು ಹೇಳಿದವರ ಮೇಲೆಲ್ಲ ಹಲ್ಲಕ್ಕ ಹತ್ತು ವರ್ಷ ಕೈ ಮಾಡಿದಳು. ಒಬ್ಬನ ಮೂಗು ಅರದ ಹಿಡಿಯಿಂದ ಚಪ್ಪಟೆಯಾಯಿತು. ಇನ್ನೊಬ್ಬನನ್ನು ಎಣ್ಣೆ ತೊಟ್ಟಿಯಲ್ಲಿ ಕುತ್ತಿಗೆಯ ತನಕ ಅದ್ದಿ, ಎದ್ದಾಗ ಅದ್ದಿ, ಮತ್ತೆ ಎದ್ದಾಗ ಮತ್ತೆ ಅದ್ದಿದಳು. ಅವಳ ಎಡಗಿವಿಯ ಹಾಲೆ ಹರಿದದ್ದೂ ಅಂಥದೇ ಒಂದು ದಿನ. ಹೊಸದಾಗಿ ಬಂದ ಆಳುಗಳು "ಹಲ್ಲಕ್ಕ, ಕಚ್ತೀಯಾ?" ಎಂದು ಕೆಣಕಿದರೆ, "ಹತ್ತಿರ ಬಾ, ಬಾಯಲ್ಲಿ ಹೇಳೋದಲ್ಲ ಅದು" ಎನ್ನುತ್ತಿದ್ದಳು. ಹತ್ತಿರ ಹೋದವರು ಕಡಿಮೆ.

ಅಪ್ಪನ ಹೆಸರು ಕಾದಷ್ಟೇ ನಿಷ್ಠೆಯಿಂದ ಅವಳು ಅಜ್ಜನ ಪೆಟ್ಟಿಗೆಯನ್ನೂ ಕಾದಳು. ಅಪ್ಪ ಸತ್ತ ವರ್ಷ ರಿಪೇರಿಯವನೊಬ್ಬ ಸೀಸ ಕೆರೆಯಲು ಬಂದಾಗ ಅವನ ಎರಡು ಬೆರಳು ಹಿಂದಕ್ಕೆ ಮಡಿಸಿ ಮುರಿದಳು. ಅಜ್ಜನ ಚಕ್ರ ತಪ್ಪು ಮಾಡುವುದಿಲ್ಲ, ಅಪ್ಪ ನಿದ್ದೆ ಮಾಡಿರಲಿಲ್ಲ. ಎರಡೂ ನಿಜವಾದರೆ ಅಲಗು ಬಿದ್ದದ್ದು ಹೇಗೆ? ಈ ಪ್ರಶ್ನೆಯನ್ನು ಅವಳು ಹತ್ತು ವರ್ಷ ತನ್ನೊಳಗೆ ಬರಲು ಬಿಡಲಿಲ್ಲ. ಬಾಗಿಲಲ್ಲೇ ಹೊಡೆದು ಓಡಿಸುತ್ತಿದ್ದಳು.

ಅಷ್ಟರಲ್ಲಿ ತಂಗಿ ಬೆಳೆದು ದೊಡ್ಡವಳಾಗಿ, ಆ ಮೇಸ್ತ್ರಿಯ ಮಗನನ್ನೇ ಮದುವೆಯಾದಳು. ಬೇಡವೆಂದು ಹಲ್ಲಕ್ಕ ಎರಡು ದಿನ ಬಾಗಿಲು ಹಾಕಿ ಕೂತಳು, ತಂಗಿ ಕಿಟಕಿಯಿಂದ ಹೋಗಿ ಮದುವೆಯಾಗಿ ಬಂದಳು. ಮೇಸ್ತ್ರಿ ಬೀಗನಾದ. ಬೀಗತನದ ಉಡುಗೊರೆ ಎಂಬಂತೆ ಸೊಸೆಯನ್ನು ತಂದು ದೊಡ್ಡ ಕತ್ತರಿಯ ಮುಂದೆ ನಿಲ್ಲಿಸಿದ.

ತಂಗಿ ಶುಚಿಗಾತಿ. ಮೊದಲ ವಾರವೇ ಯಂತ್ರದ ಮೈ ಉಜ್ಜಿ ಜಿಡ್ಡು ತೆಗೆದಳು. ಊಟದ ಗಂಟೆಯಲ್ಲಿ ಅಕ್ಕನನ್ನು ಕೂಗಿದಳು.

"ಅಕ್ಕ, ಇಲ್ಲಿ ಬಾ. ಕೆಳಗಿಂದು ಅಪ್ಪನ ಅಂಕಿ. ಮೇಲಿಂದು ಯಾರ್ದು?"

"ಆ ಉದ್ದನೆ ಆಳಿಂದು. ಬೆರಳು ಹೋಯ್ತಲ್ಲ, ನೀನಿನ್ನೂ ಹುಟ್ಟಿರ್ಲಿಲ್ಲ."

ಮೇಲಿನದು ೩೧,೪೦,೬೭೨. ಕೆಳಗಿನದು ೧,೨೧,೦೫,೭೮೧. ಎರಡು ಅಂಕಿ ಒಂದರ ಕೆಳಗೊಂದು ಇದ್ದರೆ ಕಳೆದು ನೋಡದೆ ಹೋಗುವುದು ಆ ಮನೆಯವರ ರಕ್ತದಲ್ಲಿಲ್ಲ. ಹಲ್ಲಕ್ಕ ನಿಂತಲ್ಲೇ ಕಳೆದಳು. ೮೯,೬೫,೧೦೯ ಉಳಿಯಿತು.

ತಗಡಿನ ಚೂರೊಂದನ್ನೂ ಮೊಳೆಯೊಂದನ್ನೂ ತೆಗೆದುಕೊಂಡು ತನ್ನ ಮೇಜಿಗೆ ಹೋದಳು. ಅಜ್ಜ ಕಲಿಸಿದ್ದ ಆಟ ಅದು: ದೊಡ್ಡ ಎಣಿಕೆ ಕಂಡರೆ ಒಡೆದು ನೋಡು. ಕೊನೆಯಲ್ಲಿ ಒಂಬತ್ತು, ಎರಡಕ್ಕೂ ಐದಕ್ಕೂ ಬಗ್ಗುವುದಿಲ್ಲ. ಅಂಕಿಗಳನ್ನೆಲ್ಲ ಕೂಡಿದರೆ ಮೂವತ್ತೆಂಟು, ಮೂರಕ್ಕೂ ಇಲ್ಲ. ಏಳರಿಂದ ಭಾಗಿಸಿದಳು, ಆರು ಉಳಿಯಿತು. ಹನ್ನೊಂದರಿಂದ, ಹತ್ತು ಉಳಿಯಿತು. ಹದಿಮೂರರಿಂದ, ಮತ್ತೆ ಹತ್ತು. ಗಂಟೆ ಹೊಡೆಯಿತು, ಕೆಲಸಕ್ಕೆ ಎದ್ದಳು. ಮರುದಿನ ಊಟ ಬಿಟ್ಟು ಕೂತಳು. ಮೂವತ್ತೊಂದಕ್ಕೆ ಎರಡೇ ಎರಡು ಉಳಿದಾಗ ಇನ್ನೇನು ಸಿಕ್ಕಿತು ಎಂದುಕೊಂಡಳು, ಸಿಗಲಿಲ್ಲ. ಮೂವತ್ತೇಳು, ನಲವತ್ತೊಂದು, ನಲವತ್ತಮೂರು, ಒಂದಕ್ಕೂ ಜಗ್ಗಲಿಲ್ಲ. ಕಬ್ಬಿಣದ ಕಡಲೆ. ಇದೇ ಒಂದು ಒಡೆಯದ ಎಣಿಕೆಯೋ ಏನೋ, ಬಿಟ್ಟುಬಿಡೋಣ ಎಂದು ಮೊಳೆ ಕೆಳಗಿಟ್ಟವಳು, ಮತ್ತೆ ಎತ್ತಿಕೊಂಡು ನಲವತ್ತೇಳರಿಂದ ಭಾಗಿಸಿದಳು.

ಏನೂ ಉಳಿಯಲಿಲ್ಲ. ೧,೯೦,೭೪೭ ಬಂತು.

ಅದನ್ನು ಐವತ್ತಮೂರರಿಂದ ಭಾಗಿಸಿದಳು. ಏನೂ ಉಳಿಯಲಿಲ್ಲ. ಮೂರು ಸಾವಿರದ ಐನೂರ ತೊಂಬತ್ತೊಂಬತ್ತು ಬಂತು.

ಅದನ್ನು ಭಾಗಿಸಬೇಕಾಗಿರಲಿಲ್ಲ. ಅರವತ್ತರವತ್ತಲೆ ಮೂರು ಸಾವಿರದ ಆರುನೂರು, ಅದರಲ್ಲಿ ಒಂದು ಕಡಿಮೆ. ಹಾಗೆ ಒಂದು ಕಡಿಮೆಯಾದ ಎಣಿಕೆ ಸದಾ ಎರಡು ಹೋಳಾಗುತ್ತದೆ, ಒಂದು ಕೆಳಗಿನದು, ಒಂದು ಮೇಲಿನದು. ಐವತ್ತೊಂಬತ್ತು, ಅರವತ್ತೊಂದು. ಅಜ್ಜನ ತೊಡೆಯ ಮೇಲೆ ಕೂತು ಅವಳು ಮೊದಲು ಕಲಿತ ಲೆಕ್ಕ ಅದೇ.

ನಲವತ್ತೇಳು, ಐವತ್ತಮೂರು, ಐವತ್ತೊಂಬತ್ತು, ಅರವತ್ತೊಂದು. ನಾಲ್ಕೂ ಒಡೆಯದ ಎಣಿಕೆಗಳು. ಸೀಸ ಹೊಯ್ದು ಮುಚ್ಚಿದ ಪೆಟ್ಟಿಗೆಯೊಳಗೆ ನಾಲ್ಕು ಚಕ್ರಗಳಿವೆ ಎಂದು ಕಣ್ಣಿಗೆ ಕಾಣದೆಯೇ ಅವಳಿಗೆ ತಿಳಿಯಿತು. ನಾಲ್ಕಕ್ಕೂ ಒಂದೊಂದು ತೆಳ್ಳಗಿನ ಕೊನೆಯ ಹಲ್ಲು. ಒಂದೇ ತೆಳು ಹಲ್ಲು ತನ್ನ ಜಾಗಕ್ಕೆ ಬಂದರೆ ಕೊಂಡಿ ಕೂದಲೆಳೆಯಷ್ಟು ಸಡಿಲವಾಗುತ್ತದೆ, ಏನೂ ಆಗದು. ಎರಡು ಸೇರಿದರೂ ತಡೆಯುತ್ತದೆ, ಮೂರು ಸೇರಿದರೂ ತಡೆಯುತ್ತದೆ. ನಾಲ್ಕೂ ಒಂದೇ ಗಳಿಗೆಯಲ್ಲಿ ಸೇರಿದರೆ ಕೊಂಡಿ ಜಾರುತ್ತದೆ. ನಾಲ್ಕು ಎಣಿಕೆಗಳಿಗೂ ಒಂದಕ್ಕೊಂದು ನಂಟಿಲ್ಲದ ಕಾರಣ ನಾಲ್ಕೂ ಸೇರುವುದು ಎಂಬತ್ತೊಂಬತ್ತು ಲಕ್ಷದ ಅರವತ್ತೈದು ಸಾವಿರದ ನೂರ ಒಂಬತ್ತು ಏಟಿಗೆ ಒಂದೇ ಸಲ. ದಿನಕ್ಕೆ ಮೂರು ಸಾವಿರ ಏಟಿನ ಲೆಕ್ಕದಲ್ಲಿ ಹತ್ತು ವರ್ಷಕ್ಕೊಮ್ಮೆ. ಅಜ್ಜ ಅರವತ್ತು ಹಲ್ಲಿನ ಚಕ್ರಗಳನ್ನೇ ಹಾಕಿದ್ದರೆ ತೆಳು ಹಲ್ಲೇ ಇರುತ್ತಿರಲಿಲ್ಲ, ಇದ್ದು ನಾಲ್ಕೂ ಸೇರಿದರೂ ಅರವತ್ತು ಏಟಿಗೊಮ್ಮೆ ಕೊಂಡಿ ಜಾರಿ, ಮೊದಲ ದಿನವೇ ದೋಷ ಸಿಕ್ಕಿಬೀಳುತ್ತಿತ್ತು. ಅಜ್ಜನ ಹೆಮ್ಮೆಯೇ ಅದನ್ನು ಹತ್ತು ಹತ್ತು ವರ್ಷ ಬಚ್ಚಿಟ್ಟಿತ್ತು.

ಅಪ್ಪ ನಿದ್ದೆ ಮಾಡಿರಲಿಲ್ಲ. ಅಪ್ಪನನ್ನು ಕೊಂದದ್ದು ಅಜ್ಜ. ಕಾವಲು ನಿಂತದ್ದು ಅವಳು.

ಅವಳು ಅಳಲಿಲ್ಲ. ಅಪ್ಪನ ಅಂಕಿಗೆ ಆ ಎಣಿಕೆಯನ್ನು ಇನ್ನೊಮ್ಮೆ ಕೂಡಿದಳು. ೨,೧೦,೭೦,೮೯೦. ಎದ್ದು ಹೋಗಿ ಕಿಂಡಿಯಲ್ಲಿ ನೋಡಿದಳು. ೨,೧೦,೬೨,೨೧೭. ತಂಗಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಮೆಟ್ಟಿನ ಮೇಲೆ ಕಾಲಿಡುತ್ತಿದ್ದಳು.

ಹಲ್ಲಕ್ಕ ತಗಡಿನ ಚೂರು ಹಿಡಿದು ಮೇಸ್ತ್ರಿಯ ಕೋಣೆಗೆ ಹೋದಳು.

"ಬೀಗರೇ, ದೊಡ್ಡ ಕತ್ತರಿ ನಿಲ್ಲಿಸ್ಬೇಕು."

"ಯಾಕಮ್ಮ, ಅದಕ್ಕೆ ಜ್ವರ ಬಂದಿದ್ಯಾ?"

"ಇನ್ನು ಎಂಟು ಸಾವಿರದ ಆರುನೂರ ಎಪ್ಪತ್ಮೂರು ಏಟು. ಮೂರನೇ ದಿನ ಊಟಕ್ಕೆ ಮುಂಚೆ. ಅವತ್ತು ಅದು ತಾನಾಗೇ ಬೀಳುತ್ತೆ. ಅಪ್ಪನ ಮೇಲೆ ಬಿದ್ದ ಹಾಗೆ."

ಅವನು ತಗಡನ್ನು ತಿರುಗಿಸಿ ಮುರುಗಿಸಿ ನೋಡಿದ. "ತಾನಾಗೇ ಬಿತ್ತು ಅಂತ ನಿದ್ದೆ ಮಾಡೋರಿಗೆ ಅನ್ನಿಸುತ್ತೆ. ನಿಮ್ಮಪ್ಪನಿಗೂ ಅನ್ನಿಸಿರ್ಬೇಕು."

"ಪೆಟ್ಟಿಗೆ ಬಿಚ್ಚೋಣ. ಒಳಗೆ ನಾಲ್ಕು ಚಕ್ರ ಇಲ್ದೇ ಹೋದ್ರೆ ನಾನು ಸುಮ್ನಾಗ್ತೀನಿ."

"ಬಿಚ್ಚೋಕೆ ಬಂದವನ ಬೆರಳು ಮುರಿದೋಳು ಯಾರು? ನಮ್ಮಜ್ಜನ ಚಕ್ರ ತಪ್ಪು ಮಾಡಲ್ಲ ಅಂತ ಊರಿಗೆಲ್ಲ ಸಾರಿದೋಳು ಯಾರು? ಈಗ ಅಪ್ಪ ಸಾಚಾ ಆಗ್ಬೇಕು ಅಂತ ಅಜ್ಜ ಖೂನಿ ಮಾಡಿದ ಅಂತೀಯಾ? ನಿಮ್ಮ ಮನೇಲಿ ಸತ್ತವರಿಗೂ ನೆಮ್ಮದಿ ಇಲ್ವಲ್ಲಮ್ಮ."

ಮಾತು ಸರಿಯಾಗಿಯೇ ತಗುಲಿತು. ಅವನು ತಗಡನ್ನು ಮಡಿಸಿ ಮೂಲೆಗೆಸೆದು, "ಹೋಗು, ನಿದ್ದೆಗಣ್ಣನ ಮಗಳೇ" ಎಂದ.

ಅವಳು ಮೇಜು ಹಾರಿದಳು. ಅವನು ಕಬ್ಬಿಣದ ಅಳತೆಪಟ್ಟಿ ಬೀಸಿದ, ಅವಳ ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಕಾಣದ ಕಣ್ಣಲ್ಲೇ ಅವನ ಅಂಗಿ ಹಿಡಿದು ಹಣೆಯಿಂದ ಅವನ ಬಾಯಿಗೆ ಗುದ್ದಿದಳು. ಅವನು ಅವಳ ಕೂದಲು ಹಿಡಿದು ಗೋಡೆಗೆ ಜಜ್ಜಿದ. ಕಿಟಕಿಯ ಗಾಜು ಒಡೆದು ಇಬ್ಬರೂ ಅದರ ಮೇಲೆ ಉರುಳಿದರು. ನಾಲ್ಕು ಜನ ಬಂದು ಬಿಡಿಸುವ ಹೊತ್ತಿಗೆ ಅವನ ಎರಡು ಹಲ್ಲು ನೆಲದ ಮೇಲಿದ್ದವು.

ಕೊಟ್ಟಿಗೆಯಲ್ಲೆಲ್ಲ ಸುದ್ದಿ. "ಹಲ್ಲಕ್ಕ ಬೀಗರ ಎರಡು ಹಲ್ಲು ಕಿತ್ಳಂತೆ."

"ಮೂವತ್ತು ಉಳೀತು ಅಂದ್ರೆ ಅದು ಒಡೆಯೋ ಎಣಿಕೆ. ಇನ್ನೊಂದು ಕಿತ್ತಿದ್ರೆ ಅವರಜ್ಜನ ಆತ್ಮಕ್ಕೆ ಶಾಂತಿ ಸಿಗ್ತಿತ್ತು."

ಮೇಸ್ತ್ರಿ ಬಾಯಿಗೆ ಬಟ್ಟೆ ಒತ್ತಿಕೊಂಡು ಹೊರಗೆ ಬಂದ. ಎಲ್ಲರಿಗೂ ಕೇಳುವಂತೆ ಹೇಳಿದ. "ಆ ಏಟಿಗೆ ನಾನೇ ನಿಲ್ತೀನಿ. ನನ್ನ ಕೈ ಇಡ್ತೀನಿ. ಬೀಳ್ಲಿಲ್ಲ ಅಂದ್ರೆ ನೀನು ಇದೇ ಜಾಗದಲ್ಲಿ ನಿಂತು, ನಮ್ಮಪ್ಪ ನಿದ್ದೆಗಣ್ಣ ಅಂತ ಮೂರು ಸಲ ಕೂಗಿ ಗೇಟಿನಾಚೆ ಹೋಗ್ಬೇಕು. ಮತ್ತೆ ಬರಬಾರ್ದು."

"ಆಗಲಿ" ಎಂದಳು ಹಲ್ಲಕ್ಕ. ಬಾಯಿಂದ ಬಂದ ಮೇಲೆ ತಿಳಿಯಿತು, ಏನು ಒಪ್ಪಿಕೊಂಡೆ ಎಂದು.

ಸಂಜೆ ತಂಗಿ ಮನೆಗೆ ಬಂದಳು. ಒಳಗೆ ಬಂದವಳೇ ಅಕ್ಕನ ಕೆನ್ನೆಗೆ ಹೊಡೆದಳು. ಹಲ್ಲಕ್ಕ ಜೀವನದಲ್ಲಿ ವಾಪಸು ಕೊಡದ ಏಟು ಅದೊಂದೇ.

"ನನ್ನ ಸಂಸಾರಕ್ಕೆ ಕಲ್ಲು ಹಾಕ್ಬೇಡ ಅಕ್ಕ. ಮಾವ ಗಂಜಿ ಕೂಡ ಕುಡಿಯೋಕಾಗ್ತಿಲ್ಲ."

"ಮೂರು ದಿನ ಆ ಯಂತ್ರಕ್ಕೆ ಹೋಗ್ಬೇಡ ಕಣೇ."

"ನಾನು ಹೋಗಲ್ಲ ಅಂದ್ರೆ ಇನ್ನೊಬ್ಳು ನಿಲ್ತಾಳೆ. ಅವಳಿಗೆ ಕೈ ಇಲ್ವಾ?" ತಂಗಿ ಅಕ್ಕನ ಹುಬ್ಬಿನ ಗಾಯವನ್ನು ನೋಡಿ ಸ್ವಲ್ಪ ತಗ್ಗಿದಳು. "ನಿಜ ಹೇಳು. ಲೆಕ್ಕ ಸರಿ ಇದ್ಯಾ?"

"ಸರಿ ಇದೆ."

"ಹಾಗಾದ್ರೆ ಮಾವನ ಕೈ ಹೋಗುತ್ತೆ."

ಆ ಎರಡು ದಿನ ಹಲ್ಲಕ್ಕನ ಮನಸ್ಸಿನಲ್ಲಿ ಏನು ನಡೆಯಿತು ಎಂಬುದನ್ನು ಅವಳು ಯಾರಿಗೂ ಮುಚ್ಚಿಡಲಿಲ್ಲ. ಹೋಗಲಿ ಎಂದುಕೊಂಡಿದ್ದಳು. ಅಪ್ಪ ನೆಲದಲ್ಲಿ ಬಿದ್ದಿದ್ದಾಗ ಉಳಿ ಹಿಡಿದ ಕೈ ಅದು. ಅದೇ ಬೀಳಲಿ, ಅದೇ ಯಂತ್ರದಲ್ಲಿ, ಎಲ್ಲರ ಕಣ್ಣೆದುರು. ಅಪ್ಪನ ಹೆಸರು ತೊಳೆಯಲು ಅದಕ್ಕಿಂತ ಒಳ್ಳೆಯ ನೀರು ಯಾವುದು.

ಮೂರನೆಯ ದಿನ ಬೆಳಿಗ್ಗೆ ಅವಳು ಕೈಯಲ್ಲಿ ಒಂದು ಹಾರೆ ಹಿಡಿದು ಬಂದಳು. ಯಂತ್ರ ಒಡೆಯಲು ಬಂದಿದ್ದಾಳೆ ಎಂದು ಮೇಸ್ತ್ರಿ ಅದನ್ನು ಕಿತ್ತು ಕಂಬಕ್ಕೆ ಒರಗಿಸಿ, ಇಬ್ಬರು ಗಟ್ಟಿ ಆಳುಗಳಿಗೆ ಅವಳ ತೋಳು ಹಿಡಿದುಕೊಳ್ಳಲು ಹೇಳಿದ. ಹನ್ನೊಂದರ ಹೊತ್ತಿಗೆ ಉಳಿದ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಯಾರೂ ನಿಲ್ಲಿಸಿ ಎಂದಿರಲಿಲ್ಲ. ತಂಗಿ ಮೆಟ್ಟು ಒತ್ತುತ್ತಿದ್ದಳು. ಧಡ್. ತುಂಡು. ಧಡ್. ತುಂಡು. ೨,೧೦,೭೦,೮೮೦ ಆಯಿತು.

"ಕೈ ಬೇಡ ಬೀಗರೇ. ತಗಡಿನ ತುಂಡು ಇಡಿ. ಬಿದ್ರೆ ಗೊತ್ತಾಗುತ್ತೆ" ಎಂ‌ದಳು ಹಲ್ಲಕ್ಕ. ತನ್ನ ಬಾಯಿಂದ ಬಂದ ಮಾತಿಗೆ ಅವಳಿಗೇ ಆಶ್ಚರ್ಯ.

"ತಗಡಿಗೆ ಮಾನ ಇಲ್ಲ. ನನಗಿದೆ. ಯಾಕೆ, ಲೆಕ್ಕದ ಮೇಲೆ ನಂಬಿಕೆ ಹೋಯ್ತಾ?"

ಎಂಟುನೂರ ಎಂಬತ್ತೇಳು. ಎಂಬತ್ತೆಂಟು. ಎಂಬತ್ತೊಂಬತ್ತು. ತಂಗಿ ಕಾಲು ಹಿಂದೆಳೆದುಕೊಂಡಳು. "ಒತ್ತಮ್ಮ" ಎಂದ ಮಾವ. ಒತ್ತಿದಳು. ಅಲಗು ಬಿತ್ತು, ಎದ್ದಿತು, ಕೊಂಡಿಗೆ ಸಿಕ್ಕಿ ನಿಂತಿತು. ಕಿಂಡಿಯಲ್ಲಿ ೨,೧೦,೭೦,೮೯೦. "ಈಗ ಹಿಂದೆ ಹೋಗು. ಆಮೇಲೆ ಸೊಸೆ ಒತ್ತಿದ್ಳು ಅನ್ನೋದು ಬೇಡ." ತಂಗಿ ನಾಲ್ಕು ಹೆಜ್ಜೆ ಹಿಂದೆ ಸರಿದಳು.

ಮೇಸ್ತ್ರಿ ಬಲಗೈಯನ್ನು ಅಲಗಿನ ಕೆಳಗೆ ಹಾಸಿ ಇಟ್ಟ. ಐದು ಬೆರಳೂ ಅಗಲಿಸಿದ. ಒಂದು ಉಸಿರು ಕಳೆಯಿತು, ಎರಡು ಉಸಿರು ಕಳೆಯಿತು. ಅವನು ಜನರ ಕಡೆ ತಿರುಗಿ, ಎರಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಕೆಲವರು ನಕ್ಕರು. ಹಲ್ಲಕ್ಕ ಮಾತ್ರ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ಪೆಟ್ಟಿಗೆಯೊಳಗೆ ಹಲ್ಲು ಕಡಿದ ಹಾಗೆ ಒಂದು ಸಣ್ಣ ಸದ್ದಾಯಿತು.

ಹಿಡಿದಿದ್ದ ಒಬ್ಬನ ಕಾಲ್ಬೆರಳನ್ನು ಹಿಮ್ಮಡಿಯಿಂದ ಜಜ್ಜಿದಳು, ಇನ್ನೊಬ್ಬನ ಮಣಿಕಟ್ಟು ಕಚ್ಚಿ ಮಾಂಸ ಕಿತ್ತಳು. ಕಂಬದ ಹಾರೆ ಕೈಗೆ ಬಂತು. ತನ್ನನ್ನೇ ಹೊಡೆಯಲು ಬಂದಳು ಎಂದು ಮೇಸ್ತ್ರಿ ಎಡಗೈಯಿಂದ ಅವಳ ಕುತ್ತಿಗೆ ಹಿಡಿದ, ಬಲಗೈ ಅಲ್ಲೇ ಇತ್ತು. ಅವಳು ಹಾರೆಯನ್ನು ಅಲಗಿನ ಬಾಯಿಗೆ ಅಡ್ಡ ತುರುಕಿದಳು. ಕೊಂಡಿ ಜಾರಿತು.

ಅಲಗು ಹಾರೆಯ ಮೇಲೆ ಬಿದ್ದ ಸದ್ದಿಗೆ ಮಾಡಿನ ತಗಡೆಲ್ಲ ಅದುರಿತು. ಅಲಗಿನ ಒಂದು ಚೂರು ಸಿಡಿದು ಕಂಬಕ್ಕೆ ನೆಟ್ಟಿತು. ಹಾರೆಯ ಹಿಂತುದಿ ಎದ್ದು, ಅದನ್ನು ಹಿಡಿದಿದ್ದ ಹಲ್ಲಕ್ಕನ ಬಲಗೈಯನ್ನು ಯಂತ್ರದ ಚೌಕಟ್ಟಿಗೆ ಬಡಿದು ಜಜ್ಜಿತು. ಮೂಳೆ ಮುರಿದದ್ದು ಹಿಂದೆ ನಿಂತವರಿಗೂ ಕೇಳಿತು. ಅವಳು ಯಂತ್ರದ ಬುಡಕ್ಕೆ ಕುಸಿದಳು, ಅಪ್ಪನ ಅಂಕಿಯ ಮೇಲೆ ಅವಳ ರಕ್ತ ಇಳಿಯಿತು.

ಎಲ್ಲರ ಕಣ್ಣೂ ಮೆಟ್ಟಿನ ಮೇಲೆ. ಅದರ ಮೇಲೆ ಯಾರ ಕಾಲೂ ಇರಲಿಲ್ಲ. ತಂಗಿ ನಾಲ್ಕು ಹೆಜ್ಜೆ ದೂರದಲ್ಲಿ ಬಾಯಿಗೆ ಸೆರಗು ತುರುಕಿ ನಿಂತಿದ್ದಳು. ಕಿಂಡಿಯಲ್ಲಿ ಅಂಕಿ ಏರಿರಲಿಲ್ಲ.

ಜನರ ಹಿಂದಿನಿಂದ ಒಬ್ಬ ಮುದುಕ ಆಳು ಮೆಲ್ಲಗೆ ಹೇಳಿದ. "ಹಾಗಾದ್ರೆ ಅವನು ನಿದ್ದೆ ಮಾಡಿರ್ಲಿಲ್ಲ."

ಮೇಸ್ತ್ರಿ ತನ್ನ ಬಲಗೈಯನ್ನು ಹೊರಗೆ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಬೆರಳು ಒಂದೊಂದಾಗಿ ಮಡಿಸಿ ಬಿಡಿಸಿದ. ಐದೂ ಇದ್ದವು. ಆಮೇಲೆ ಮೊಣಕಾಲೂರಿ ಅವಳ ಪಕ್ಕ ಕೂತು ಹೆಗಲ ಬಟ್ಟೆ ಎಳೆದ. "ಕೈ ಕೊಡಮ್ಮ, ಕಟ್ತೀನಿ" ಎಂದ. ತಂಗಿ ಓಡಿ ಬಂದು ಅಕ್ಕನ ಬೆನ್ನಿಗೆ ಕೈ ಕೊಟ್ಟಳು. ಇಬ್ಬರು ಆಳುಗಳು ಎತ್ತಲು ಬಾಗಿದರು.

ಹಲ್ಲಕ್ಕ ತಂಗಿಯ ಕೈಯನ್ನು ಬೆನ್ನಿನಿಂದ ಸರಿಸಿದಳು. ಜಜ್ಜಿದ ಕೈಯನ್ನು ಎದೆಗೆ ಒತ್ತಿಕೊಂಡು, ಚೌಕಟ್ಟು ಹಿಡಿದು ತಾನೇ ಎದ್ದಳು. ಅಲಗಿನ ಬಾಯಿಂದ ಹಾರೆಯನ್ನು ಎಡಗೈಯಿಂದ ಎಳೆದು, ಅಜ್ಜ ಹೊಯ್ದ ಸೀಸದ ಸಂದಿಗೆ ಅದರ ಮೊನೆ ಕೊಟ್ಟು, ಹೆಗಲು ಹಚ್ಚಿದಳು.

"ಆ ಬಟ್ಟೆ ನಿಮ್ಮ ಹೆಗಲ ಮೇಲೇ ಇರ್ಲಿ, ಬೀಗರೇ. ನಮ್ಮಪ್ಪನಿಗೆ ಸಿಗದೇ ಇದ್ದಿದ್ದು ನಂಗೂ ಬೇಡ. ಮೊದಲು ಅಂಕಿ ಕೆತ್ತಿ, ಅದು ನಿಮ್ಮ ಕೆಲಸ. ಈ ಪೆಟ್ಟಿಗೆ ಮುಚ್ಚಿದ್ದು ನಮ್ಮಜ್ಜ, ಕಾದಿದ್ದು ನಾನು. ಬಿಚ್ಚೋಕೆ ಯಾರೂ ಬರಬೇಡಿ. ಎಡಗೈ ಇನ್ನೂ ಇದೆ."